ಧಾತು ವರ್ಷದಲ್ಲಿ ಹೊಳೆ ದಾಟಿ ಬಂದ ಮುತ್ತಜ್ಜ: ಒಕ್ಕಲು ಮನೆತನದ ಹಿಂದಿನದು ಹುಡುಕೋದು ಹೇಗೆ?

ಮಸಾರಿ ಹುಡುಗ, ಕೊಪ್ಪಳ ತಾಲೂಕು
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ತಲೆತಲಾಂತರದಿಂದ ಹೇಳ್ತಾ ಬಂದ ಒಂದು ಕಥೆ ಇದೆ. ನಮ್ಮ ಮುತ್ತಜ್ಜ, ಅಂದರೆ ಅಪ್ಪನ ಅಜ್ಜ, ಧಾತು ಸಂವತ್ಸರದ ಬರದಲ್ಲಿ ಹೊಳೆ ಆಚೆಯಿಂದ ಒಂದೇ ಎತ್ತು ಹೊಡಕೊಂಡು ಬಂದನಂತೆ. ಜೋಡಿ ಎತ್ತು ದಾರಿಯಲ್ಲೇ ಸತ್ತಿತ್ತಂತೆ. ಇಲ್ಲಿ ಗೌಡರ ಮನೆಯಲ್ಲಿ ದುಡಿದ, ಹೊಲ ಮಾಡಿದ, ಅದೇ ಧಾತು ವರ್ಷದಲ್ಲಿ ಹೊಲ ಅವನ ಹೆಸರಿಗೆ ಆಯ್ತು. ಮನೆ ಮುಂದೆ ಹಗೇವು, ಅಂದರೆ ಕಾಳು ತುಂಬಿಡೋ ನೆಲದೊಳಗಿನ ಗುಂಡಿ, ತೆಗೆಸಿದ, ಬರಗಾಲದಲ್ಲಿ ಊರಿಗೆಲ್ಲ ಜೋಳ ಅಳೆದುಕೊಟ್ಟ. ಇಷ್ಟು ಕಥೆ.

ಹೊಳೆ ಅಂದರೆ ತುಂಗಭದ್ರಾ. ಅದರ ಆಚೆ ಅಂದರೆ ಯಾವ ಊರು? ಅಪ್ಪ ಹಡಗಲಿ ಕಡೆ ಅಂತಾರೆ. ಚಿಕ್ಕಪ್ಪ ರಾಯದುರ್ಗ ಅಂತಾರೆ. ಅಜ್ಜಿಗೆ ತೊಂಬತ್ತು ದಾಟಿದೆ. ಅವರು "ಹ್ವಾಳಿ ಆಚಿ ಅಂದ್ರ ಹ್ವಾಳಿ ಆಚಿ, ಮತ್ತೇನ್ ಕೇಳ್ತಿ" ಅಂದು ಮುಗಿಸ್ತಾರೆ. ಮನೆಯಲ್ಲಿ ಒಂದು ಉರ್ದು ಕಾಗದ ಇದೆ, ಮೇಲೆ 1346 ಅಂತ ಇದೆಯಂತೆ. ನಮಗೆ ಯಾರಿಗೂ ಓದೋಕೆ ಬರಲ್ಲ.

ಹೆಸರು, ಊರು ಹಾಕಲ್ಲ. ಅದೇ ಹೊಲದ ತಕರಾರು ಈಗ ಕೋರ್ಟಿನಲ್ಲಿದೆ. ಎಲ್ಲಿಂದ ಶುರು ಮಾಡಬೇಕು, ಗೊತ್ತಿದ್ದವರು ಹೇಳಿ.

ಕುಷ್ಟಗಿ ಕಾಕಾ
ಹೆಳವರನ್ನ ಕೇಳಿ. ಬೇರೆ ಎಲ್ಲೂ ಹೋಗಬೇಡಿ.

ಹಗರಿ ದಂಡೆ
ಕಾಕಾ ಹೇಳಿದ್ದು ಸರಿ. ಗೊತ್ತಿಲ್ಲದವರಿಗೆ ಸ್ವಲ್ಪ ಬಿಡಿಸಿ ಹೇಳ್ತೀನಿ. ಹೆಳವರು ಅಂದರೆ ಮನೆತನಗಳ ವಂಶಾವಳಿ ಹೇಳೋವರು. ರಾಶಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು ಗಂಟೆ ಬಾರಿಸ್ತಾ ಬರ್ತಿದ್ದರು. ಬಾಗಿಲ ಮುಂದೆ ನಿಂತು ನಿಮ್ಮ ಬೆಡಗು (ಕುಲದ ಕವಲು) ಯಾವುದು, ಮೂಲ ಊರು ಯಾವುದು, ಯಾರಿಗೆ ಯಾರು ಮಕ್ಕಳು, ಯಾರು ಯಾವ ಊರಿಗೆ ಒಡೆದು ಹೋದರು, ಎಲ್ಲಾ ಒಂದೇ ಉಸಿರಿನಲ್ಲಿ ಹೇಳ್ತಿದ್ದರು. ಹೊಸದಾಗಿ ಹುಟ್ಟಿದ ಮಕ್ಕಳ ಹೆಸರು ಬರಕೊಂಡು ಜೋಳ, ಬಟ್ಟೆ, ದುಡ್ಡು ಇಸಕೊಂಡು ಹೋಗ್ತಿದ್ದರು. ಈಗ ನಮ್ಮೂರಿಗೆ ಬರೋವರು ಬೈಕಿನಲ್ಲಿ ಬರ್ತಾರೆ, ಪುಸ್ತಕ ಪ್ಲಾಸ್ಟಿಕ್ ಚೀಲದಲ್ಲಿ ಇರುತ್ತೆ. ಕೆಲಸ ಮಾತ್ರ ಅದೇ.

ಪ್ರತಿ ಮನೆತನಕ್ಕೂ ಗೊತ್ತಾದ ಹೆಳವರ ಮನೆ ಇರುತ್ತೆ. ನಿಮ್ಮ ಬೆಡಗಿನವರು ಬೇರೆ ಊರಲ್ಲಿ ಇದ್ದರೆ ಅವರನ್ನ ಕೇಳಿ, ಸುಳಿವು ಸಿಗುತ್ತೆ.

ಎರಡನೇ ಬೆಳೆ
ಹೆಳವರ ಮೇಲೆ ಗೌರವ ಇಟ್ಟುಕೊಂಡೇ ಹೇಳ್ತೀನಿ. ನಮ್ಮ ಮನೆಗೆ ಬಂದವರು ನಮ್ಮ ಮೂಲ ಕಲ್ಯಾಣ ಅಂದರು. ಪಕ್ಕದ ಮನೆಯವರದ್ದೂ ಕಲ್ಯಾಣ. ಎದುರು ಮನೆಯವರದ್ದೂ ಕಲ್ಯಾಣ. ಹತ್ತಿರದ ನಾಲ್ಕೈದು ತಲೆ ನಂಬಬಹುದು, ಅದಕ್ಕೂ ಹಿಂದಿನದು ಕೇಳೋಕೆ ಚಂದ ಅಷ್ಟೇ.

ಕುಷ್ಟಗಿ ಕಾಕಾ
ನಾಲ್ಕೈದು ತಲೆ ಸಿಕ್ಕರೆ ಅವರಿಗೆ ಸಾಕಲ್ವಾ? ಅವರು ಕೇಳ್ತಿರೋದು ಮುತ್ತಜ್ಜನ ಬಗ್ಗೆ, ಬಸವಣ್ಣನ ಕಾಲದ ಬಗ್ಗೆ ಅಲ್ಲ.

ಕೋಟೆ ಬಾಗಿಲು
ಕೊಪ್ಪಳದಲ್ಲಿ ಇನ್ನೊಂದು ಬೇನೆ ಇದೆ. 1858ರಲ್ಲಿ ಮುಂಡರಗಿ ಭೀಮರಾಯ ಕೊಪ್ಪಳ ಕೋಟೆಯಲ್ಲಿ ಬ್ರಿಟಿಷರ ವಿರುದ್ಧ ನಿಂತಾಗ ನಮ್ಮ ಮುತ್ತಜ್ಜನೂ ಜೊತೆಗಿದ್ದ ಅಂತ ಹೇಳದ ಮನೆ ಇಲ್ಲ. ಇವರೆಲ್ಲರ ಮುತ್ತಜ್ಜರು ನಿಜವಾಗಿ ಇದ್ದಿದ್ದರೆ ಕೋಟೆ ಬೀಳ್ತಾನೇ ಇರಲಿಲ್ಲ.

ಹಳೇ ದಫ್ತರ
ಕಂದಾಯದ ಕೆಲಸದಲ್ಲಿದ್ದು ನಿವೃತ್ತನಾದವನು ನಾನು. ಕಾಗದದ ವಿಷಯ ಮಾತ್ರ ಹೇಳ್ತೀನಿ.

ಮೊದಲು 1346. ಅದು ಇಸವಿ ಅಲ್ಲ, ಫಸಲಿ, ಅಂದರೆ ಕಂದಾಯ ಲೆಕ್ಕದ ವರ್ಷ. 590 ಸೇರಿಸಿ, 1936-37 ಬರುತ್ತೆ. ನಿಜಾಮರ ಸೀಮೆಯ ಕಂದಾಯದ ಕಾಗದ ಫಸಲಿಯಲ್ಲೇ ಇರ್ತವೆ.

ಎರಡನೇದು, ಹೊಳೆ ಈಚೆ ಮತ್ತು ಆಚೆ ಬೇರೆ ಬೇರೆ ರಾಜ್ಯ ಆಗಿತ್ತು ಅನ್ನೋದು ತಲೆಯಲ್ಲಿರಲಿ. 1800ರಲ್ಲಿ ನಿಜಾಮರು ಬಳ್ಳಾರಿ ಸೀಮೆಯನ್ನ ಕಂಪನಿಗೆ ಬಿಟ್ಟುಕೊಟ್ಟರು. ಮನ್ರೋ ಸಾಹೇಬ ಬಂದು ರಯತವಾರಿ ತಂದ. ಹಾಗಾಗಿ ಆಚೆ ಕಡೆಯ ಕಾಗದ ಮದ್ರಾಸ್ ಪದ್ಧತಿಯದು. ಅಡಂಗಲ್, ಚಿಟ್ಟಾ ಅಂತ ಕೇಳಬೇಕು. ರಾಯಚೂರು, ಕೊಪ್ಪಳ ಕಡೆ ಸೇತ್ವಾರ್ (ಸರ್ವೆ ಆದಾಗಿನ ಹೊಲದ ಪಟ್ಟಿ), ಪಹಣಿ, 1954-55ರ ಖಾಸ್ರಾ ಪಹಣಿ ಅಂತ ಕೇಳಬೇಕು. ಬಳ್ಳಾರಿ ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ಕ್ಕೆ, ರಾಯಚೂರು ಜಿಲ್ಲೆ ಸೇರಿದ್ದು 1956ರ ನವೆಂಬರ್ 1ಕ್ಕೆ. 1953ರಲ್ಲೇ ರಾಯದುರ್ಗ, ಆದವಾನಿ ಆಂಧ್ರಕ್ಕೆ ಹೋದವು. ನಿಮ್ಮ ಚಿಕ್ಕಪ್ಪ ಹೇಳಿದ್ದು ನಿಜ ಆದರೆ ನೀವು ಅನಂತಪುರ ಜಿಲ್ಲೆಗೆ ಓಡಾಡಬೇಕಾಗುತ್ತೆ. ಸಿದ್ಧರಿದ್ದೀರಾ?

ಮೂರನೇದು, ಕೊಪ್ಪಳ ಸಾಲಾರ್ ಜಂಗ್ ಜಾಗೀರು. ಜಾಗೀರಿನ ಲೆಕ್ಕಪತ್ರ ಬೇರೆ ನಡೀತಿತ್ತು. 1949ರಲ್ಲಿ ಜಾಗೀರು ರದ್ದಾದ ಮೇಲೆ ಸರ್ಕಾರದ ಲೆಕ್ಕಕ್ಕೆ ಬಂತು. ಅದಕ್ಕೂ ಹಿಂದಿನದು ತಾಲೂಕು ಕಚೇರಿಯಲ್ಲಿ ಸಿಕ್ಕರೆ ನಿಮ್ಮ ಪುಣ್ಯ.

ಮಸಾರಿ ಹುಡುಗ
ದಫ್ತರ ಸರ್, ತುಂಬಾ ಉಪಕಾರ ಆಯ್ತು. ಆದರೆ 1936 ಅಂದರೆ ಹೇಗೆ? ಧಾತು ಬರ ಅದಕ್ಕಿಂತ ಹಿಂದೆ ಅಲ್ವಾ?

ಲೆಕ್ಕದ ಮೇಷ್ಟ್ರು
ಇಲ್ಲೇ ಇದೆ ಗಂಟು. ನಿಮ್ಮ ಅಜ್ಜ ಹುಟ್ಟಿದ್ದು ಯಾವಾಗ?

ಮಸಾರಿ ಹುಡುಗ
1928ರ ಆಸುಪಾಸು. ಶಾಲೆ ದಾಖಲೆಯಲ್ಲಿ ಜೂನ್ 1 ಅಂತ ಇತ್ತು.

ಕೋಟೆ ಬಾಗಿಲು
ನಮ್ಮ ಕಡೆ ಅರ್ಧ ಜನ ಜೂನ್ 1ಕ್ಕೇ ಹುಟ್ಟಿದವರು. ಕೇಕಿನ ಅಂಗಡಿಯವರಿಗೆ ಒಳ್ಳೆ ವ್ಯಾಪಾರ.

ಲೆಕ್ಕದ ಮೇಷ್ಟ್ರು
ಸರಿ, ಈಗ ನೋಡಿ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತೆ. ಧಾತು ಬಂದದ್ದು 1876-77ರಲ್ಲಿ, ಮತ್ತೆ 1936-37ರಲ್ಲಿ, ಆಮೇಲೆ 1996-97ರಲ್ಲಿ. ದೊಡ್ಡ ಬರ ಬಿದ್ದದ್ದು ಮೊದಲನೇ ಧಾತು ಮತ್ತು ಅದರ ಮುಂದಿನ ಈಶ್ವರ ವರ್ಷದಲ್ಲಿ. ಬಳ್ಳಾರಿ ಜಿಲ್ಲೆಗೆ ಅದು ಹೊಡೆದ ಹೊಡೆತ 1871 ಮತ್ತು 1881ರ ಜನಗಣತಿ ಪಕ್ಕಪಕ್ಕ ಇಟ್ಟು ನೋಡಿದರೆ ಗೊತ್ತಾಗುತ್ತೆ. ಜನ ಹೆಚ್ಚೋದು ಬಿಟ್ಟು ಕಡಿಮೆ ಆಗಿದ್ದಾರೆ.

ನಿಮ್ಮ ಮುತ್ತಜ್ಜ 1876ರಲ್ಲಿ ಒಬ್ಬನೇ ಎತ್ತು ಹೊಡಕೊಂಡು ಬಂದಿದ್ದರೆ ಅವನಿಗೆ ಹದಿನೆಂಟಾದರೂ ಆಗಿರಬೇಕು. ಹಾಗಾದರೆ ನಿಮ್ಮ ಅಜ್ಜ ಹುಟ್ಟಿದಾಗ ಅವನಿಗೆ ಎಪ್ಪತ್ತು. ನಿಮ್ಮ ಅಜ್ಜನಿಗೆ ತಮ್ಮಂದಿರು ಇದ್ದರಾ?

ಮಸಾರಿ ಹುಡುಗ
ಇಬ್ಬರು ತಮ್ಮಂದಿರು, ಒಬ್ಬ ತಂಗಿ.

ಕೋಟೆ ಬಾಗಿಲು
ಅಬ್ಬಾ! ಹಗೇವಿನ ಜೋಳಕ್ಕೆ ಅಷ್ಟು ಶಕ್ತಿ.

ಲೆಕ್ಕದ ಮೇಷ್ಟ್ರು
ತಮಾಷೆ ಇರಲಿ. ಆ ಉರ್ದು ಕಾಗದದಲ್ಲಿ ಮುತ್ತಜ್ಜನ ಅಪ್ಪನ ಹೆಸರು ಇದೆಯಾ? ನಮ್ಮ ಕಡೆ "ವಲದ್" ಅಂತ ಬರೀತಿದ್ದರು.

ಮಸಾರಿ ಹುಡುಗ
ಗಂಗಾವತಿಯಲ್ಲಿ ಒಬ್ಬ ಹಿರಿಯರು ಹೆಸರಷ್ಟೇ ಓದಿ ಹೇಳಿದ್ದರು. ಮುತ್ತಜ್ಜನ ಹೆಸರು, ಮುಂದೆ ಅವನಪ್ಪನ ಹೆಸರು. ಆ ಅಪ್ಪನ ಹೆಸರೂ ನಮ್ಮ ಅಜ್ಜನ ಹೆಸರೂ ಒಂದೇ. ನಾವು ಅವರು ತಪ್ಪು ಓದಿದರು ಅಂದುಕೊಂಡು ಬಿಟ್ಟೆವು.

ಲೆಕ್ಕದ ಮೇಷ್ಟ್ರು
ಅವರು ಸರಿಯಾಗೇ ಓದಿದ್ದಾರೆ. ಮೊಮ್ಮಗನಿಗೆ ಅಜ್ಜನ ಹೆಸರು ಇಡೋದು ನಮ್ಮಲ್ಲಿ ನಡಕೊಂಡು ಬಂದದ್ದು. ಒಂದು ತಲೆ ಬಿಟ್ಟು ಒಂದು ತಲೆಗೆ ಅದೇ ಹೆಸರು ಬರುತ್ತೆ. ನಿಮ್ಮ ಅಜ್ಜನಿಗೆ ಅವನ ಅಜ್ಜನ ಹೆಸರು ಇಟ್ಟಿದ್ದಾರೆ. ಹಾಗೇ ನಿಮ್ಮ ಮುತ್ತಜ್ಜನಿಗೆ ಅವನ ಅಜ್ಜನ ಹೆಸರು. ಬರದಲ್ಲಿ ಹೊಳೆ ದಾಟಿ ಬಂದವನು ಆ ಮೇಲಿನ ಅಜ್ಜ. 1936ರಲ್ಲಿ ಖಾತೆ ಆದದ್ದು ಮೊಮ್ಮಗನಿಗೆ. ಎರಡು ಧಾತು, ಒಂದೇ ಹೆಸರಿನ ಇಬ್ಬರು. ಮನೆಯವರು ಎರಡನ್ನೂ ಕೂಡಿಸಿ ಒಬ್ಬನನ್ನ ಮಾಡಿದ್ದಾರೆ, ನಡುವಿನ ಒಂದು ತಲೆ ನುಂಗಿ ಹೋಗಿದೆ.

ಹಗರಿ ದಂಡೆ
ಮೇಷ್ಟ್ರೇ, ಸಾಷ್ಟಾಂಗ!

ಎರಡನೇ ಬೆಳೆ
ಲೆಕ್ಕ ಚೆನ್ನಾಗಿದೆ. ಆದರೆ ನನಗೆ ಬೇರೆ ಅನುಮಾನ. 1876-77ರ ಬರ ಹೊಳೆ ಆಚೆ ಮಾತ್ರ ಬಿದ್ದಿತ್ತಾ? ರಾಯಚೂರು, ಲಿಂಗಸುಗೂರು ಸೀಮೆಗೂ ಬಿದ್ದಿತ್ತು. ಬರದಲ್ಲಿ ಇರೋವನು ಇನ್ನೊಂದು ಬರದ ಊರಿಗೆ ಯಾಕೆ ಬರ್ತಾನೆ? ಅಲ್ಲಿ ಸರ್ಕಾರದ ಕಾಮಗಾರಿಯಾದರೂ ಇತ್ತು, ಮಣ್ಣು ಹೊತ್ತು ಕೂಲಿ ತಗೊಳ್ತಿದ್ದರು.

ಹಳೇ ದಫ್ತರ
ಒಳ್ಳೆ ಪ್ರಶ್ನೆ. ಬರದ ನಡುವೆ ಬಂದಿರಲಿಕ್ಕಿಲ್ಲ, ಬರ ಮುಗಿದ ಮೇಲೆ ಬಂದಿರಬಹುದು. ಜನ ಸತ್ತು, ಗುಳೆ ಹೋಗಿ ಹೊಲ ಬೀಳು ಬಿದ್ದಿದ್ದವು. ಬೀಳು ಹೊಲ ಇದ್ದರೆ ಕಂದಾಯ ಬರಲ್ಲ. ಹಾಗಾಗಿ ಉಳುವವರು ಬಂದರೆ ಸಾಕು ಅಂತ ಕೌಲಿಗೆ ಕೊಡೋದು ಹಳೇ ಪದ್ಧತಿ. ಮೊದಲ ವರ್ಷ ಕಂದಾಯ ಬಹಳ ಕಡಿಮೆ, ಆಮೇಲೆ ವರ್ಷ ವರ್ಷ ಏರಿಸ್ತಾ ಹೋಗೋದು. ಒಂಟಿ ಎತ್ತು ಇದ್ದವನಿಗೂ ಆಗ ಬೆಲೆ ಇತ್ತು.

ತೋಟದ ಮನೆ ಅಕ್ಕ, ಸಿಂಧನೂರು
ಇಲ್ಲಿಯವರೆಗೆ ಓದಿದೆ. ಎಲ್ಲರೂ ಅಜ್ಜ, ಅವನ ಅಜ್ಜ, ಅವನ ಎತ್ತು ಅಂತ ಮಾತಾಡ್ತಿದ್ದೀರಿ. ಎತ್ತಿನ ಕಥೆ ಕೂಡ ಗೊತ್ತಿದೆ, ಹೆಂಡತಿಯ ಕಥೆ ಒಬ್ಬರಿಗೂ ಗೊತ್ತಿಲ್ಲ. ಕಳೆ ತೆಗೆದವರು ಯಾರು, ಕಣದಲ್ಲಿ ತೂರಿದವರು ಯಾರು, ಬೀಜದ ಜೋಳ ಬೂದಿ ಹಾಕಿ ಗಡಿಗೆಯಲ್ಲಿ ಕಾದಿಟ್ಟವರು ಯಾರು?

ಸುಮ್ನೆ ಜಗಳಕ್ಕೆ ಹೇಳ್ತಿಲ್ಲ. ಎಲ್ಲಿಂದಲೋ ಬಂದ ಒಂಟಿ ಹುಡುಗನಿಗೆ ಊರಲ್ಲಿ ಹೊಲ ಹೇಗೆ ಸಿಗುತ್ತೆ? ಗೌಡರ ಮನೆಯಲ್ಲಿ ದುಡಿದರೆ ಕೂಳು ಸಿಗುತ್ತೆ, ಹೊಲ ಸಿಗಲ್ಲ. ಮನೆಅಳಿಯ ಆಗಿದ್ದರೆ ಸಿಗುತ್ತೆ. ಗಂಡು ಮಕ್ಕಳಿಲ್ಲದ ಮನೆಯವರು ದುಡಿಯೋ ಹುಡುಗನನ್ನ ನೋಡಿ ಮಗಳನ್ನ ಕೊಟ್ಟು ಇಟ್ಟುಕೊಳ್ತಿದ್ದರು. ಅವನ ಹೆಂಡತಿಯ ತವರು ಯಾವ ಊರು ಅಂತ ಅಜ್ಜಿಯನ್ನ ಕೇಳಿ. ಮುತ್ತಜ್ಜನ ಊರು ಕೇಳಬೇಡಿ.

ಕುಷ್ಟಗಿ ಕಾಕಾ
ತಂಗಿ ಹೇಳೋದರಲ್ಲಿ ಅರ್ಥ ಇದೆ. ಆದರೆ ಮನೆಅಳಿಯ ಅಂದರೆ ಗಂಡಸರು ಒಪ್ಪಲ್ಲ. ಅದಕ್ಕೇ ಗೌಡರ ಮನೆ ಅಂತ ಕಥೆ ಕಟ್ಟಿರಬಹುದು.

ಕೆಂಪು ಹಲಗೆ
ನಾನೂ ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಮ್ಮ ಮುತ್ತಜ್ಜನೂ ರೈತನೇ. ನೇಗಿಲು ಹೊಡೆದ, ಕೂರಿಗೆ ಹಿಡಿದ, ರಾಶಿ ಮಾಡಿದ. ಎಲ್ಲಾ ಬೇರೆಯವರ ಹೊಲದಲ್ಲಿ. ನಮ್ಮ ಕೇರಿಗೆ ಯಾವ ಹೆಳವರೂ ಬಂದದ್ದು ನಾನು ನೋಡಿಲ್ಲ. ಸೇತ್ವಾರ್‌ನಲ್ಲಿ ಹೆಸರಿಲ್ಲ, ಪಹಣಿಯಲ್ಲಿ ಹೆಸರಿಲ್ಲ. ಜೀತದ ಸಾಲದ ಚೀಟಿಯಲ್ಲಿ ಮಾತ್ರ ಹೆಬ್ಬೆಟ್ಟು ಇತ್ತಂತೆ. ಅದನ್ನೂ ಸಾಹುಕಾರರ ಮನೆಯವರು ಕೊಡಲಿಲ್ಲ.

ನಾನು ಹುಡುಕಿದ್ದು ಹೀಗೆ. ಊರ ಚಾಕರಿಗೆ ಅಂತ ಸ್ವಲ್ಪ ಇನಾಂ ಭೂಮಿ ಇರ್ತಿತ್ತು. ಆ ಇನಾಂ ರದ್ದಾಗಿ ಮರುಮಂಜೂರು ಆದಾಗಿನ ಕಡತದಲ್ಲಿ ನಮ್ಮ ಅಜ್ಜನ ಹೆಸರು, ಅವನಪ್ಪನ ಹೆಸರು ಸಿಕ್ಕಿತು. ಎರಡೇ ತಲೆ. ಅದಕ್ಕಿಂತ ಹಿಂದೆ ಅತ್ತೆಯಂದಿರು ಬೀಸುವಾಗ ಹಾಡೋ ಹಾಡಿನಲ್ಲಿ ಒಂದೆರಡು ಹೆಸರು ಬರ್ತವೆ, ಅಷ್ಟೇ.

ಬರಗಾಲದಲ್ಲಿ ಊರಿಗೆಲ್ಲ ಜೋಳ ಅಳೆದರು ಅಂತ ಬರೆದಿದ್ದೀರಿ. ಪುಕ್ಕಟೆ ಅಳೆದರಾ, ಲಾಗೋಡಿಗೆ ಅಳೆದರಾ? ಒಂದು ಚೀಲ ಕೊಟ್ಟು ಸುಗ್ಗಿಯಲ್ಲಿ ಒಂದೂವರೆ ಚೀಲ ತಗೊಂಡವರೂ ಊರಿಗೆ ಜೋಳ ಕೊಟ್ಟವರೇ.

ಮಸಾರಿ ಹುಡುಗ
ಅಣ್ಣಾ, ಬೇಜಾರೇನಿಲ್ಲ. ಅದನ್ನ ನಾವು ಯಾವತ್ತೂ ಕೇಳಿಲ್ಲ. ಅಜ್ಜಿಯನ್ನ ಕೇಳ್ತೀನಿ.

ಎರೆಮಣ್ಣು
ಹಗೇವು ಅಂದಿರಲ್ಲ, ಈಗಿನ ಹುಡುಗರು ನೋಡಿರಲ್ಲ. ನಮ್ಮ ಮನೆ ಅಂಗಳದಲ್ಲಿ ಇತ್ತು. ಮೇಲೆ ಮನುಷ್ಯ ಇಳಿಯುವಷ್ಟು ಸಣ್ಣ ಬಾಯಿ, ಒಳಗೆ ಅಗಲ. ಸುತ್ತ ಹುಲ್ಲು ಒತ್ತಿ ಜೋಳ ತುಂಬಿ, ಮೇಲೆ ಹುಲ್ಲು ಹಾಕಿ, ಚಪ್ಪಡಿ ಮುಚ್ಚಿ, ಮಣ್ಣು ಮೆತ್ತೋದು. ವರ್ಷಗಟ್ಟಲೆ ಹುಳ ಬೀಳಲ್ಲ. ಬಾಯಿ ತೆಗೆದ ಕೂಡಲೇ ಇಳಿಯೋ ಹಾಗಿಲ್ಲ, ಒಳಗಿನ ಗಾಳಿಗೆ ಜೀವ ಹೋಗುತ್ತೆ. ಒಂದು ದಿನ ಬಿಟ್ಟು, ಕಂದೀಲು ಕಟ್ಟಿ ಇಳಿಸೋದು. ಕಂದೀಲು ಉರಿದರೆ ಮನುಷ್ಯ ಇಳಿಯೋದು. ಆ ಜೋಳದ ರೊಟ್ಟಿಗೆ ಒಂಥರಾ ಹುಳಿ ವಾಸನೆ. ನಮ್ಮಪ್ಪನಿಗೆ ಅದೇ ಇಷ್ಟ.

ಕ್ಯಾಂಪ್ ಹುಡುಗಿ
ನಮ್ಮದು ಗಂಗಾವತಿ ಹತ್ತಿರದ ಕ್ಯಾಂಪ್. ಮುತ್ತಾತ ಆಂಧ್ರದಿಂದ ಬಂದವರು, ತುಂಗಭದ್ರಾ ಡ್ಯಾಂ ನೀರು ಬಂದ ಮೇಲೆ. ಜಾಲಿ ಕಡಿದು ಗದ್ದೆ ಮಾಡಿದರು. ನಮ್ಮ ಮನೆಯಲ್ಲೂ ಇದೇ ಕಥೆ: ಒಂದು ಬಂಡಿ, ಒಂದು ಜೋಡಿ ಎತ್ತು. ಎತ್ತು ಸತ್ತಿಲ್ಲ ಅಷ್ಟೇ.

ಎರೆಮಣ್ಣು
ಬಂಡಿಯಲ್ಲಿ ಬಂದರು, ನಮ್ಮವರ ಹೊಲ ಅಗ್ಗಕ್ಕೆ ತಗೊಂಡರು. ಅದನ್ನೂ ಕಥೆಯಲ್ಲಿ ಸೇರಿಸಿ.

ಕ್ಯಾಂಪ್ ಹುಡುಗಿ
ಮಾರಿದವರು ನಿಮ್ಮವರೇ ಅಲ್ವಾ ಅಣ್ಣಾ? ಕತ್ತಿ ಹಿಡಿದು ಯಾರೂ ಬರೆಸಿಕೊಂಡಿಲ್ಲ. ನಾನು ಹುಟ್ಟಿದ್ದು ಇಲ್ಲೇ, ಓದಿದ್ದು ಕನ್ನಡದಲ್ಲೇ.

ಹಿನ್ನೀರು
ಜಗಳ ಬಿಡಿ. ಆ ಡ್ಯಾಂ ನೀರಿನ ಕೆಳಗೆ ಹೋದ ಊರಿನವರು ನಾವು. ನಾರಾಯಣದೇವರಕೆರೆಯ ಕಡೆಯವರು. 1945ರಲ್ಲಿ ಅಡಿಗಲ್ಲು ಹಾಕಿದರು, 1953ರಲ್ಲಿ ನೀರು ನಿಂತಿತು. ಹೊಲ, ಮನೆ, ಗೋರಿ ಎಲ್ಲಾ ಒಳಗೆ. ನಮ್ಮ ಜನ ಎದ್ದು ಮರಿಯಮ್ಮನಹಳ್ಳಿಗೆ ಬಂದರು. ಆದರೆ ಒಂದು ಲಾಭ ಆಗಿದೆ: ಮುಳುಗಡೆ ಪರಿಹಾರ ಕೊಡೋಕೆ ಅಂತ ಯಾರ ಹೊಲ, ಎಷ್ಟು ಮರ, ಎಷ್ಟು ಅಂಕಣದ ಮನೆ ಅಂತ ಬರಕೊಂಡಿದ್ದಾರೆ. ನಮ್ಮ ಅಜ್ಜನ ಬೇವಿನ ಮರಕ್ಕೂ ದರ ಕಟ್ಟಿದ್ದಾರೆ. ಮಸಾರಿ ಹುಡುಗ ಅವರೇ, ನಿಮ್ಮ ಹೊಳೆ ಆಚೆಯ ಊರು ಈಗ ಹೊಳೆ ಒಳಗೇ ಇರಬಹುದು. ಬೇಸಿಗೆಯಲ್ಲಿ ನೀರು ಇಳಿದಾಗ ಗುಡಿ ಕಂಬ ಕಾಣ್ತವೆ.

ಕೋಟೆ ಬಾಗಿಲು
2024ರ ಆಗಸ್ಟಿನಲ್ಲಿ 19ನೇ ಗೇಟು ಕೊಚ್ಚಿ ಹೋದಾಗ ಎಲ್ಲಾ ಊರೂ ಕಾಣುತ್ತೆ ಅಂದುಕೊಂಡಿದ್ದೆ.

ಎರೆಮಣ್ಣು
ಅದರಲ್ಲಿ ತಮಾಷೆ ಏನಿದೆ? ನಮ್ಮ ಭತ್ತ ಒಣಗುತ್ತೆ ಅಂತ ನಿದ್ದೆ ಬಂದಿರಲಿಲ್ಲ.

ವೇದಿಕೆ ನಿರ್ವಾಹಕ
ಗೇಟಿನ ವಿಷಯದಲ್ಲಿ ಬಂದ ಪಕ್ಷ ರಾಜಕೀಯದ ಮಾತು ಅಳಿಸಿದ್ದೇನೆ. ಮುತ್ತಜ್ಜನ ಕಡೆ ಬನ್ನಿ.

ಮಸಾರಿ ಹುಡುಗ
ಅಜ್ಜಿ ಹತ್ತಿರ ಕೂತಿದ್ದೆ. ಅಕ್ಕ ಹೇಳಿದ ಹಾಗೆ ಮುತ್ತಜ್ಜನ ಊರು ಬಿಟ್ಟು ಹೆಂಗಸರ ತವರು ಕೇಳಿದೆ. ಅಜ್ಜಿ ತಡೆಯದೇ ಹೇಳಿದರು. ಮೊದಲು ಬಂದವನ ಹೆಂಡತಿ ಇದೇ ಊರಿನವಳು, ಹನುಮಪ್ಪನ ಗುಡಿ ಹಿಂದಿನ ಮನೆ, ಆಕೆಗೆ ಅಣ್ಣ ತಮ್ಮ ಇರಲಿಲ್ಲ. "ಇಷ್ಟು ವರ್ಷ ಯಾಕೆ ಹೇಳಲಿಲ್ಲ" ಅಂದರೆ "ನೀವ್ ಯಾರ್ ಕೇಳಿದ್ರಿ" ಅಂದರು.

ಜೋಳದ ವಿಷಯ: ಲಾಗೋಡಿಗೇ ಕೊಡ್ತಿದ್ದರಂತೆ. ಬಡವರಿಗೆ ಸುಮ್ನೆ ಕೊಟ್ಟದ್ದೂ ಇದೆಯಂತೆ. ಕಾಗದಪತ್ರ ಬಹಳ ಇದ್ದವಂತೆ. 1948ರಲ್ಲಿ ರಜಾಕಾರರ ಹೆದರಿಕೆಗೆ ಮನೆಯವರೆಲ್ಲ ಮುಂಡರಗಿ ಕಡೆ ಓಡಿದರು, ವಾಪಸ್ ಬಂದಾಗ ಪೆಟ್ಟಿಗೆ ಇರಲಿಲ್ಲ. ಉರ್ದು ಕಾಗದ ಒಂದು ಅಜ್ಜಿಯ ಅತ್ತೆಯ ಬಾಳೆಕಾಯಿ ಚೀಲದಲ್ಲಿ ಉಳಿದಿತ್ತು.

ಅಪ್ಪ ಮಾತ್ರ ಮನೆಅಳಿಯ ಅನ್ನೋದನ್ನ ಒಪ್ತಾನೇ ಇಲ್ಲ. ಫೋನ್ ಕಸಕೊಂಡು ಈ ಚರ್ಚೆ ಪೂರ್ತಿ ಓದಿದರು. "ನಿಮ್ಮ ಮೇಷ್ಟ್ರಿಗೆ ಬೇರೆ ಕೆಲಸ ಇಲ್ವಾ" ಅಂದರು.

ಲೆಕ್ಕದ ಮೇಷ್ಟ್ರು
ನಿವೃತ್ತಿ ಆಗಿದೆ, ನಿಜವಾಗಲೂ ಇಲ್ಲ.

ರಾಯಚೂರು ಉಸ್ತಾದ್
ತಡವಾಗಿ ನೋಡಿದೆ. ಉರ್ದು ಕಾಗದ ಓದೋದು ನನಗೆ ಅಭ್ಯಾಸ. ಸರ್ವೆ ನಂಬರ್ ಮುಚ್ಚಿ ಫೋಟೋ ಕಳಿಸಿ. ಒಂದು ಎಚ್ಚರಿಕೆ ಮೊದಲೇ ಹೇಳ್ತೀನಿ. ಕನ್ನಡದ ಹೆಸರುಗಳನ್ನ ಉರ್ದುವಿನಲ್ಲಿ ಬರೆದಾಗ ಅ, ಉ ಥರದ ಸ್ವರದ ಗುರುತು ಹಾಕಿರಲ್ಲ, ಕರಿಯಪ್ಪನೂ ಕುರಿಯಪ್ಪನೂ ಒಂದೇ ಥರ ಕಾಣ್ತಾರೆ. ಹೆಸರು ಮೊದಲೇ ಗೊತ್ತಿದ್ದರೆ ಸುಲಭ.

ಮಸಾರಿ ಹುಡುಗ
ಉಸ್ತಾದ್ ಸಾಹೇಬರೇ, ಖಾಸಗಿಯಾಗಿ ಕಳಿಸಿದ್ದೇನೆ.

ರಾಯಚೂರು ಉಸ್ತಾದ್
ಓದಿದೆ. ಹೆಸರು ಬಿಟ್ಟು ಉಳಿದದ್ದು ಇಲ್ಲಿ ಹೇಳ್ತೀನಿ, ಎಲ್ಲರಿಗೂ ಉಪಯೋಗ ಆಗುತ್ತೆ. 1346 ಫಸಲಿ ಸರಿ. ಪಟ್ಟಾದಾರನ ಕಾಲಮಿನಲ್ಲಿ ನಿಮ್ಮ ಮುತ್ತಜ್ಜ, ವಲದ್ ಇಂಥವನು. ಕೊನೆಗೆ ಕೈಫಿಯತ್ ಅಂತ ಷರಾ ಬರೆಯೋ ಕಾಲಮು ಇರುತ್ತೆ. ಅದರಲ್ಲಿ "ವಿರಾಸತ್" ಅಂತ ಇದೆ. ಅಂದರೆ ಹೊಲ ಅವನು ಕೊಂಡದ್ದಲ್ಲ, ಯಾರೂ ಕೊಟ್ಟದ್ದಲ್ಲ, ವಾರಸಿನಿಂದ ಬಂದದ್ದು. ಅವನಿಗಿಂತ ಹಿಂದಿನ ಪಟ್ಟಾದಾರರ ಹೆಸರಿನ ಮುಂದೆ "ಮುಸಮ್ಮಾತ್" ಅಂತ ಇದೆ, ಹೆಂಗಸರ ಹೆಸರಿಗೆ ಹಾಗೆ ಹಾಕ್ತಿದ್ದರು. ಆಮೇಲೆ "ಬೇವಾ" ಇಂಥವನು ಅಂತ ಇದೆ. ಇಂಥವನ ವಿಧವೆ. ಆ ಗಂಡನ ಹೆಸರೂ ನಿಮ್ಮ ಅಜ್ಜನ ಹೆಸರೂ ಒಂದೇ.

ಅಂದರೆ ನಿಮ್ಮ ಮುತ್ತಜ್ಜನ ತಾಯಿ. ಹೊಲ ಅಲ್ಲಿಯವರೆಗೆ ಆಕೆಯ ಹೆಸರಿನಲ್ಲಿತ್ತು.

ತೋಟದ ಮನೆ ಅಕ್ಕ, ಸಿಂಧನೂರು
ಇಷ್ಟು ಹೊತ್ತು ಏನು ಹೇಳಿದೆ ನಾನು? ಎತ್ತಿನ ಬಾಲ ಹಿಡಕೊಂಡು ಓಡಾಡಿದಿರಿ ಎಲ್ಲರೂ.

ಹಗರಿ ದಂಡೆ
ನಡುವೆ ನುಂಗಿ ಹೋದ ತಲೆಯಲ್ಲಿ ಇದ್ದದ್ದು ಆಕೆ!

ಮಸಾರಿ ಹುಡುಗ
ಅಜ್ಜಿಗೆ ಆ ಹೆಸರು ಹೇಳಿದೆ. "ಹಿರೇಮುದುಕಿ" ಅಂದರು. ಅಜ್ಜಿ ಮದುವೆಯಾಗಿ ಬಂದಾಗ ಆಕೆ ಇನ್ನೂ ಇದ್ದಳಂತೆ. ಹಗೇವಿನ ಚಪ್ಪಡಿ ಆಕೆ ಹೂಂ ಅನ್ನದೇ ಯಾರೂ ಎತ್ತುತ್ತಿರಲಿಲ್ಲವಂತೆ. ಲಾಗೋಡಿನ ಲೆಕ್ಕ ಗೋಡೆಗೆ ಸುಣ್ಣದ ಬೊಟ್ಟು ಇಟ್ಟು ಇಡ್ತಿದ್ದಳಂತೆ. ಗಂಡ ಬೇಗ ಸತ್ತಿದ್ದ, ಕಾಲಯುಕ್ತಿ ವರ್ಷದ ಬೇನೆಯಲ್ಲಿ ಅಂತಾರೆ.

ಲೆಕ್ಕದ ಮೇಷ್ಟ್ರು
ಕಾಲಯುಕ್ತಿ 1918-19. ಇನ್‌ಫ್ಲುಯೆಂಜಾ ಬಂದ ವರ್ಷ. ಸರಿಯಾಗಿ ಕೂರುತ್ತೆ.

ಕೆಂಪು ಹಲಗೆ
ಆ ಗೋಡೆ ಇನ್ನೂ ಇದೆಯಾ? ಸುಣ್ಣದ ಬೊಟ್ಟಿನಲ್ಲಿ ನಮ್ಮವರ ಲೆಕ್ಕವೂ ಇರುತ್ತೆ. ತಮಾಷೆಗೆ ಹೇಳ್ತಿಲ್ಲ.

ಮಸಾರಿ ಹುಡುಗ
ಗೋಡೆ ಬಿದ್ದು ಬಹಳ ವರ್ಷ ಆಯ್ತು ಅಣ್ಣಾ. ಅಲ್ಲೀಗ ಚಿಕ್ಕಪ್ಪನ ಆರ್‌ಸಿಸಿ ಮನೆ ಇದೆ. ಯಾರ ಮನೆಗೆ ಜೋಳ ಹೋಗ್ತಿತ್ತು ಅಂತ ಅಜ್ಜಿಗೆ ಒಂದಷ್ಟು ನೆನಪಿದೆ, ಕೇರಿಯವರ ಹೆಸರೂ ಹೇಳ್ತಾರೆ. ರೆಕಾರ್ಡ್ ಮಾಡಿ ನಿಮಗೆ ಕಳಿಸ್ತೀನಿ.

ಇನ್ನು ಅಪ್ಪನ ವಿಷಯ. ವಿಧವೆಯ ಹೆಸರಲ್ಲಿ ಪಟ್ಟಾ ಇತ್ತು ಅಂದ ಕೂಡಲೇ ಸಿಟ್ಟು ಹೋಯ್ತು. "ಇದು ನಮ್ಮ ಕೇಸಿಗೆ ಬರುತ್ತಾ ಕೇಳು" ಅಂತಿದ್ದಾರೆ.

ಹಳೇ ದಫ್ತರ
ಬರುತ್ತೋ ಇಲ್ಲವೋ ನಿಮ್ಮ ವಕೀಲರು ಹೇಳಬೇಕು. ಮನೆಯಲ್ಲಿರೋ ಕಾಗದದ ಜೆರಾಕ್ಸ್ ತಗೊಂಡು ಹೋಗಬೇಡಿ. ಕಚೇರಿಯಿಂದ ನಕಲು ತಗೊಳ್ಳಿ, ಮೊಹರು ಇರಬೇಕು. ಉರ್ದು ಕಾಗದಕ್ಕೆ ಕನ್ನಡ ಅನುವಾದ ಮಾಡಿಸಿ ಜೊತೆಗಿಡಿ. ಹಳೇ ಕಡತ ಸ್ಕ್ಯಾನ್ ಮಾಡೋ ಕೆಲಸ ಈಗ ತಾಲೂಕು ಕಚೇರಿಗಳಲ್ಲಿ ನಡೀತಿದೆ. ಸ್ಕ್ಯಾನ್ ಆಗಿದೆಯಾ ಅಂತ ಮೊದಲು ಕೇಳಿ, ಆಗಿದ್ದರೆ ರೆಕಾರ್ಡ್ ರೂಮಿನ ಧೂಳು ಕುಡಿಯೋದು ತಪ್ಪುತ್ತೆ.

ಕುಷ್ಟಗಿ ಕಾಕಾ
ಎಲ್ಲಾ ಸರಿ, ಹೊಳೆ ಆಚೆ ಯಾವ ಊರು ಅಂತ ಇನ್ನೂ ಗೊತ್ತಾಗಲಿಲ್ಲವಲ್ಲ. ಮೊದಲೇ ಹೇಳಿದೆ, ಹೆಳವರನ್ನ ಕೇಳಿ ಅಂತ. ಹಿಂಗಾರಿ ರಾಶಿ ಮುಗಿಯಲಿ, ಬರ್ತಾರೆ. ಬಂದಾಗ ಆ ಮುದುಕಿಯ ಹೆಸರನ್ನೂ ಬರೆಸಿ.

ಎರಡನೇ ಬೆಳೆ
ಕಲ್ಯಾಣ ಅಂತಾರೆ ನೋಡ್ತಿರಿ.